ರಾಜೀವಿಯ ಹಳೇ ಕಾರ್ಡುಗಳು

ನಮ್ಮ ಜೋಗೇಶ್ವರಿಯ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ರಾಜೀವಿಯ ಕೈ ಬಲು ಜೋರು. ಲೋಕಲ್ ರೈಲಿನಲ್ಲಿ ಮೈಮೇಲೆ ಬಿದ್ದವನೊಬ್ಬನ ಮೂಗನ್ನು ಟಿಫಿನ್ ಡಬ್ಬಿಯಲ್ಲಿ ಜಜ್ಜಿದವಳು ಅವಳು. ದುಡ್ಡಿನ ಗಲ್ಲೆಯಲ್ಲಿ ಕೂರುವ ನಾನೇ ಅವಳೆದುರು ನಾಲಿಗೆ ಬಿಗಿಹಿಡಿದು ಮಾತಾಡುತ್ತೇನೆ. ಆದರೆ ಆ ಕೈ ಮೊದಲು ಮಾಡುತ್ತಿದ್ದ ಕೆಲಸವೇ ಬೇರೆ.

ಕಳೆದ ವರ್ಷ, ಎಪ್ಪತ್ತೇಳರಲ್ಲಿ, ಅವಳು ಪರೇಲಿನ ಒಂದು ಮಿಲ್ಲಿನ ಆಫೀಸಿನಲ್ಲಿದ್ದಳು. ಅಲ್ಲಿ ಕಂಪ್ಯೂಟರಿಗೆ ಹೇಳಬೇಕಾದದ್ದನ್ನು ಕೋಬಾಲ್ ಎಂಬ ಭಾಷೆಯಲ್ಲಿ ಬರೆದು, ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ತಿನ್ನಿಸುತ್ತಿದ್ದರು. ತೂತು ಹೊಡೆಯುವ ಮಶೀನಿನ ಮುಂದೆ ಕೂರುವುದು ರಾಜೀವಿ ಮತ್ತು ಜೊತೆಯ ಹುಡುಗಿಯರು. ಹಂಗಾಮಿ ಕೆಲಸ. ಅಣ್ಣ ಶೇಖರನನ್ನು ಅದೇ ಮಿಲ್ಲು ಮಗ್ಗದಿಂದ ಕಿತ್ತುಹಾಕಿತ್ತು, ಹೊಸ ಮಗ್ಗ ಬಂದಿತ್ತಲ್ಲ! ಮನೆಯ ಒಲೆ ಉರಿಯುತ್ತಿದ್ದದ್ದು ತಂಗಿಯ ದುಡಿಮೆಯಿಂದ.

ಅಷ್ಟರಲ್ಲಿ ಹೊಸ ಕಂಪ್ಯೂಟರ್ ಬಂತು, ಜೊತೆಗೆ ಹೊಸ ಕೋಬಾಲ್. ಹಳೆಯದರ ಮಗಳೇ ಆದರೂ ತಾಯಿಯ ಮಾತು ಕೇಳದು. ಹಳೇ ಕಾರ್ಡು ‘ಎಗ್ಸಾಮಿನ್’ ಎಂದರೆ ಹೊಸ ಕಂಪ್ಯೂಟರ್ ತಪ್ಪು, ತಪ್ಪು ಎಂದು ಹಾಳೆಗಟ್ಟಲೆ ಅಚ್ಚು ಹಾಕುತ್ತಿತ್ತು. ‘ಇನ್‌ಸ್ಪೆಕ್ಟ್’ ಎನ್ನಬೇಕಂತೆ. ಕೊಬ್ಬು, ಮತ್ತೇನು? ಆದರೆ ಆ ಕೊಬ್ಬೇ ರಾಜೀವಿಗೆ ಅನ್ನವಾಯಿತು. ಕೋಣೆ ತುಂಬ ಇದ್ದ ಹಳೇ ಕಾರ್ಡುಗಳನ್ನೆಲ್ಲ ಮತ್ತೆ ಹೊಡೆಯಬೇಕಿತ್ತು. ಮುಗಿಸಿಕೊಟ್ಟರೆ ಕೆಲಸ ಕಾಯಂ ಎಂದ ಆಫೀಸಿನ ಸಾಹೇಬ.

ಮಿಲ್ಲಿನ ಕೆಲಸಗಾರರಿಗೋ ಕೆಲಸ ತಿನ್ನುವ ಕಂಪ್ಯೂಟರ್ ಎಂದರೆ ಮೈಯೆಲ್ಲ ಉರಿ. ಒಂದು ಮಧ್ಯಾಹ್ನ ಪಾಳಿ ಬಿಟ್ಟೊಡನೆ ಕಬ್ಬಿಣದ ಸಲಾಕೆ ಹಿಡಿದು ನುಗ್ಗಿದರು. ಎಲ್ಲರ ಮುಂದೆ ಕೆಲಸ ಕಳಕೊಂಡಿದ್ದ ಶೇಖರ. ಕಾವಲುಗಾರನ ತಲೆ ಒಡೆಯಿತು, ಬಾಗಿಲು ಮುರಿಯಿತು. ಒಳಗೆ ಹುಡುಗಿಯರ ಮಶೀನುಗಳು ಮಗ್ಗದಂತೆ ಖಟಖಟ ಬಡಿಯುತ್ತಿದ್ದವು. ಗಾಜಿನ ಆಚೆ ಕಂಪ್ಯೂಟರ್ ತೆಪ್ಪಗೆ ನಿಂತಿತ್ತು. ಮಗ್ಗದ ಮುಂದೆ ಆಯುಸ್ಸು ಕಳೆದವರಿಗೆ ಗದ್ದಲ ಮಾಡುವುದೇ ಮಶೀನು, ಸುಮ್ಮನಿರುವುದು ಕಪಾಟು.

“ಕಪಾಟು ಬಿಡಿ ಮಾರಾಯ್ರೆ, ಮಶೀನ್ ಒಡೀರಿ!” ಎಂದು ಶೇಖರ ಕೂಗಿದ.

ರಾಜೀವಿ ತನ್ನ ಮಶೀನನ್ನು ತಬ್ಬಿಕೊಂಡಳು. “ಅಣ್ಣಾ, ಇದು ಕಂಪ್ಯೂಟರ್ ಅಲ್ಲ! ಇದು ನನ್ನ ಅನ್ನ!”

“ಆಚೆ ಹೋಗು ನೀನು! ನಿನ್ನ ಕೆಲ್ಸ ಉಳಿಸ್ಲಿಕ್ಕೇ ನಾನು ಒಡೆಯುದು!”

ಸಲಾಕೆ ಬಿತ್ತು. ಮಶೀನಿನ ಜೊತೆ ಅವಳ ಎಡಗೈಯ ಎರಡು ಬೆರಳುಗಳು ಜಜ್ಜಿಹೋದವು. ಬಲಗೈಯಲ್ಲಿ ಕಾರ್ಡು ತುಂಬಿದ ತಗಡಿನ ಪೆಟ್ಟಿಗೆ ಎತ್ತಿ ಅಣ್ಣನ ಹಣೆಗೆ ಬೀಸಿದಳು. ಅವನು ಬಿದ್ದ. ನೆಲದ ತುಂಬ ಚೆಲ್ಲಿದ್ದ ಕಾರ್ಡುಗಳು ರಕ್ತದಲ್ಲಿ ನೆನೆದವು.

ಮರುವಾರ ಸಾಹೇಬ ಹುಡುಗಿಯರನ್ನು ಕರೆದ. ಮುರಿದ ಮಶೀನುಗಳ ಬದಲಿಗೆ ಬೇರೆ ತರಿಸುವುದಿಲ್ಲ ಎಂದ. ಹಳೇ ಕೋಬಾಲನ್ನು ಹೊಸ ಕೋಬಾಲಿಗೆ ತಿದ್ದಿಕೊಡುವ ಪ್ರೋಗ್ರಾಂ ಬಂದಿದೆಯಂತೆ, ಕಂಪ್ಯೂಟರೇ ಎಲ್ಲ ಮಾಡಿಕೊಳ್ಳುತ್ತದಂತೆ, ಹುಡುಗಿಯರು ಇನ್ನು ಬೇಡವಂತೆ. ಆ ಕಂಪ್ಯೂಟರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಈಗ ಶೇಖರ ದಿನವೂ ಸಂಜೆ ಹೋಟೆಲಿಗೆ ತಂಗಿಯನ್ನು ಕರೆದೊಯ್ಯಲು ಬರುತ್ತಾನೆ. ಹಣೆಯ ಮೇಲೆ ಉದ್ದಕ್ಕೆ ಗಾಯದ ಗುರುತು. ಹಿಂಬಾಗಿಲಲ್ಲಿ ತಲೆ ತಗ್ಗಿಸಿ ನಿಲ್ಲುತ್ತಾನೆ. ಒಳಗೆ ಗ್ರೈಂಡರ್ ಗುಡುಗುತ್ತಿರುತ್ತದೆ. ನಿನ್ನೆ ರಾಜೀವಿ ಒಲೆ ಕೆದಕುವ ಸಲಾಕೆಯನ್ನು ಅವನ ಕಾಲ ಬುಡಕ್ಕೆ ಎಸೆದಳು.

“ಬಾ ಅಣ್ಣಾ, ಇದೂ ಶಬ್ದ ಮಾಡ್ತದೆ. ಒಡಿ!”