ಅನುಮತಿ ಹಿಂಪಡೆಯುವ ಡೆಲಿ

ಬೆಳಗಿನ ಐದೂಕಾಲು. ಇಲೋಯಿಲೋ ನಗರದ ಆಸ್ಪತ್ರೆಯೊಂದರ ಹಿಂಬದಿಯ ಕೋಣೆಯಲ್ಲಿ ಫ್ಲೋರ್ದೆಲಿಸಾ ಸುಮಾಗೈಸೈ, ಎಲ್ಲರ ಬಾಯಲ್ಲಿ ಡೆಲಿ, ಪಾಂದೆಸಾಲ್ ಬನ್ನನ್ನು ಕಾಫಿಗೆ ಅದ್ದುತ್ತ ಕಂಪ್ಯೂಟರಿನಲ್ಲಿ ಹೆಸರುಗಳ ಪಟ್ಟಿ ಸರಿಸುತ್ತಿದ್ದಾರೆ. ನಿನ್ನೆ ನರ್ಸ್ ಒಬ್ಬರು ವಾರ್ಡು ಬದಲಾಯಿಸಿದ್ದಾರೆ, ಔಷಧ ವಿಭಾಗದ ಒಬ್ಬರು ನಿವೃತ್ತರಾಗಿದ್ದಾರೆ. ಇಬ್ಬರ ಅನುಮತಿಯನ್ನೂ ತೆಗೆದುಹಾಕಿ, ತೆಗೆದದ್ದು ನಿಜವೇ ಎಂದು ಅವರ ಹೆಸರಿನಲ್ಲೇ ಒಮ್ಮೆ ಪ್ರಯತ್ನಿಸಿ ನೋಡುತ್ತಾರೆ. ‘ಅನುಮತಿ ಇಲ್ಲ’ ಎಂದು ಪರದೆಯ ಮೇಲೆ ಮೂಡಿದ ನಂತರವೇ ಬನ್ನು ಬಾಯಿಗೆ ಹೋಗುತ್ತದೆ.

ರೋಗಿಗಳ ದಾಖಲೆಯನ್ನು ಸೇರಿಸುವ, ತಿದ್ದುವ, ಅಳಿಸುವ ಆಜ್ಞೆಗಳನ್ನು ಡೇಟಾಬೇಸಿನೊಳಗೆ ಮೊದಲೇ ಬರೆದು ಇಟ್ಟಿರುತ್ತಾರೆ. ಸ್ಟೋರ್ಡ್ ಪ್ರೊಸೀಜರ್ ಎನ್ನುತ್ತಾರೆ. ಇಲ್ಲಿ ಅಂಥವು ಇನ್ನೂರ ಹದಿನಾಲ್ಕಿವೆ. ಸಿಬ್ಬಂದಿ ಮುನ್ನೂರ ಎಂಬತ್ತು. ಯಾರು ಯಾವುದನ್ನು ಬಳಸಬಹುದು ಎಂದು ನೋಡಿ ಅನುಮತಿ ಕೊಡುವುದು, ಕೆಲಸ ಮುಗಿದೊಡನೆ ಹಿಂಪಡೆಯುವುದು ಐವತ್ತೇಳರ ಡೆಲಿಯವರ ಹೊಣೆ. ಇಪ್ಪತ್ತೆರಡು ವರ್ಷಗಳಿಂದ ಇದೇ ಕುರ್ಚಿ. ವೈದ್ಯರಲ್ಲಿ ಅರ್ಧ ಜನಕ್ಕೆ ಅವರ ಮುಖಪರಿಚಯವೂ ಇಲ್ಲ.

ಆರು ಗಂಟೆಗೆ ಹಿರಿಯ ನರ್ಸ್ ಬಿಸಿಂಗ್ ಬಾಗಿಲಲ್ಲಿ ಇಣುಕುತ್ತಾರೆ.

“ಮನಾಂಗ್ ಡೆಲಿ, ಔಷಧದ ಪ್ರಮಾಣ ತಿದ್ದೋದನ್ನ ನನ್ಗೂ ಬಿಟ್ಬಿಡಿ. ಇವತ್ತೊಂದು ದಿನ, ಅಕ್ಕಾ.”

“ನೋಡೋಕೆ ಬಿಟ್ಟಿದೀನಲ್ಲ. ತಿದ್ಬೇಕಂದ್ರೆ ಡಾಕ್ಟರ ಸಹಿ ತಗೊಂಡ್ಬಾ.”

“ಸ್ವರ್ಗದ ಬಾಗಿಲಲ್ಲಿ ಸಂತ ಪೇತ್ರನಾದ್ರೂ ಕೆಲವರನ್ನ ಒಳಗೆ ಬಿಡ್ತಾನಂತೆ!”

“ಅವನ ಹತ್ರ ಸತ್ತೋರು ಹೋಗ್ತಾರೆ, ಬಿಸಿಂಗ್. ನಂದು ಬದುಕಿರೋರ ಲೆಕ್ಕ.”

ಬಿಸಿಂಗ್ ನಗುತ್ತ ಹೋಗುತ್ತಾರೆ. ಡೆಲಿ ನಗುವುದಿಲ್ಲ. ಮೊದಲು ಹೀಗಿರಲಿಲ್ಲವಂತೆ, ಕೇಳಿದವರಿಗೆಲ್ಲ ಕೊಡುವ ಕೈ ಅವರದು ಎಂದು ಹಳಬರು ಹೇಳುತ್ತಾರೆ.

ಒಂಬತ್ತು ವರ್ಷದ ಹಿಂದೆ ಚಂಡಮಾರುತ ಬಂದು ದಾಖಲೆ ಕೋಣೆಗೆ ನೀರು ನುಗ್ಗಿತು. ಆ ಗಡಿಬಿಡಿಯಲ್ಲಿ ರೋಗಿಗಳನ್ನೆಲ್ಲ ಹೊಸದಾಗಿ ನೋಂದಾಯಿಸಿದ್ದರಿಂದ ಸಾವಿರಾರು ಜನರಿಗೆ ಎರಡೆರಡು ದಾಖಲೆಗಳಾದವು. ಎರಡನ್ನು ಒಂದು ಮಾಡುವ ಪ್ರೊಸೀಜರ್ ಬಳಸಲು ಮೂವರಿಗೆ ಮಾತ್ರ ಅನುಮತಿ ಇತ್ತು. ಬೇಗ ಮುಗಿಸಿ ಎಂದು ಮೇಲಿನವರ ಒತ್ತಾಯ. ಡೆಲಿ ಒಂದೇ ಸಾಲು ಬರೆದು ಎಲ್ಲರಿಗೂ ಅನುಮತಿ ಕೊಟ್ಟರು.

“ಸೋಮವಾರ ವಾಪಸ್ ತೆಗೆಯೋಣ ಅಂದ್ಕೊಂಡಿದ್ದೆ. ಸೋಮವಾರ ಬೇರೆ ಏನೋ ಕೆಟ್ಟಿತ್ತು. ಆಮೇಲೆ ಮರ್ತೇ ಹೋಯ್ತು,” ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ. ಹಾಗೆ ಹನ್ನೊಂದು ತಿಂಗಳು ಕಳೆದವು.

ಒಂದು ಮಧ್ಯಾಹ್ನ ನೋಂದಣಿ ಗುಮಾಸ್ತ ರೋಡೆಲ್‌ಗೆ ರೊನಾಲಿನ್ ಪಾನೆಸ್ ಎಂಬ ಹೆಸರಿನ ಎರಡು ದಾಖಲೆ ಕಂಡವು. ಎರಡರಲ್ಲೂ ವಯಸ್ಸು ಹತ್ತೊಂಬತ್ತು, ಹುಟ್ಟಿದ ತಿಂಗಳೂ ಒಂದೇ. ಒಬ್ಬಳೇ ಇರಬೇಕೆಂದು ಸೇರಿಸಿಬಿಟ್ಟರು. ನಿಜಕ್ಕೂ ಅವರು ಇಬ್ಬರು ಹುಡುಗಿಯರು. ಸೇರಿಸಿದಾಗ ಹೊಸ ದಾಖಲೆ ಉಳಿದು ಹಳೆಯದು ಅಳಿಯಿತು. ಓತೋನ್ ಊರಿನ ರೊನಾಲಿನ್‌ಗೆ ಪೆನಿಸಿಲಿನ್ ಒಗ್ಗುವುದಿಲ್ಲ ಎಂದು ಬರೆದಿದ್ದದ್ದು ಆ ಹಳೆಯದರಲ್ಲಿ.

ನಾಲ್ಕು ದಿನದ ಬಳಿಕ ಆ ಹುಡುಗಿಯನ್ನು ವಿಪರೀತ ಜ್ವರದಲ್ಲಿ, ಅರೆಪ್ರಜ್ಞೆಯಲ್ಲಿ ಕರೆತಂದರು. ಪರದೆಯಲ್ಲಿ ಯಾವ ಎಚ್ಚರಿಕೆಯೂ ಕಾಣಲಿಲ್ಲ. ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ತಾಯಿ ತೆರೆಸಿಟಾ ಹೊರಗಿನ ಬೆಂಚಿನ ಮೇಲೆ ಕೂತಿದ್ದರು, ಅವರನ್ನು ಯಾರೂ ಕೇಳಿರಲಿಲ್ಲ. “ಬರೆಸಿದ್ದೆನಲ್ಲ,” ಎಂದಷ್ಟೇ ಆಕೆ ವಿಚಾರಣೆಯ ಉದ್ದಕ್ಕೂ ಹೇಳಿದ್ದು. “ಮಗು ಏಳು ವರ್ಷದ್ದಿದ್ದಾಗ್ಲೇ ಇಲ್ಲೇ ಬರೆಸಿದ್ದೆನಲ್ಲ.”

ರೋಡೆಲ್ ಕೆಲಸ ಕಳೆದುಕೊಂಡರು. ಆ ಅನುಮತಿ ಕೊಟ್ಟವಳು ನಾನು ಎಂದು ಡೆಲಿ ವಿಚಾರಣಾ ಸಮಿತಿಯ ಎದುರು ನಿಂತು ಹೇಳಿದರು. ಸಮಿತಿ ಕೇಳಿಸಿಕೊಂಡಿತು, ಬರೆದುಕೊಳ್ಳಲಿಲ್ಲ; ವರದಿಯಲ್ಲಿ ತಪ್ಪು ರೋಡೆಲ್ ಅವರದ್ದೆಂದೇ ಉಳಿಯಿತು.

“ನನ್ನ ಬಿಟ್ರೆ ಈ ಕೆಲಸ ಗೊತ್ತಿರೋರು ಯಾರೂ ಇರ್ಲಿಲ್ಲ. ಅದಕ್ಕೇ ಉಳ್ಕೊಂಡೆ. ಒಳ್ಳೆಯವಳು ಅಂತಲ್ಲ,” ಎನ್ನುತ್ತಾರೆ ಡೆಲಿ ಈಗ.

ಮಣ್ಣಾದ ಒಂಬತ್ತನೆಯ ದಿನ, ಸತ್ತವರಿಗಾಗಿ ಒಂಬತ್ತು ದಿನ ನಡೆಸುವ ಪ್ರಾರ್ಥನೆ ಮುಗಿಯುವ ಹೊತ್ತಿಗೆ, ಡೆಲಿ ಓತೋನ್‌ಗೆ ಹೋದರು. ತೆರೆಸಿಟಾ ಮನೆಯ ಅಂಗಳದಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದರು. ಬೈಗುಳಕ್ಕೆ ಸಿದ್ಧರಾಗಿದ್ದರಂತೆ. ತೆರೆಸಿಟಾ ಕೇಳಿದ್ದು ಬೇರೆಯದೇ: “ಆ ಇನ್ನೊಬ್ಬ ರೊನಾಲಿನ್ ಚೆನ್ನಾಗಿದಾಳಾ?”

“ಚೆನ್ನಾಗಿದಾಳೆ.”

“ಅವಳದ್ದು ಸರಿ ಮಾಡಿದ್ರಾ?”

“ಅವತ್ತೇ ಮಾಡ್ದೆ.”

“ಹಾಗಾದ್ರೆ ಕೂತ್ಕೊಳಿ, ಊಟ ಮಾಡಿ,” ಎಂದರಂತೆ ಆಕೆ.

ಅಂದಿನಿಂದ ಒಂದು ದಿನವೂ ತಪ್ಪದೆ ಈ ಬೆಳಗಿನ ಪರಿಶೀಲನೆ. ಜ್ವರವಿದ್ದರೂ ಬರುತ್ತಾರೆ. ಎರಡು ದಾಖಲೆ ಸೇರಿಸಲು ಈಗ ಇಬ್ಬರಿಗೆ ಮಾತ್ರ ಅನುಮತಿ. ಒಬ್ಬರು ಸೇರಿಸಿದರೆ ಇನ್ನೊಬ್ಬರು ಒಪ್ಪಬೇಕು. ತಮ್ಮ ಹೆಸರನ್ನು ಅದರಿಂದ ಡೆಲಿಯೇ ತೆಗೆದುಹಾಕಿದ್ದಾರೆ.

ರೋಡೆಲ್ ಈಗ ಹಾರೋ ಮಾರುಕಟ್ಟೆಯ ಬಳಿ ಆಟೋದಂಥ ಬಾಡಿಗೆ ಟ್ರೈಸಿಕಲ್ ಓಡಿಸುತ್ತಾರೆ. ಡೆಲಿಯನ್ನು ಕಂಡರೆ ಮುಖ ತಿರುಗಿಸಿ ಹೋಗುತ್ತಾರೆ. ಅವರನ್ನು ಮರಳಿ ಕರೆಯಿರಿ ಎಂದು ಡೆಲಿ ಆರು ಅರ್ಜಿ ಬರೆದಿದ್ದಾರೆ. ಒಂದಕ್ಕೂ ಉತ್ತರವಿಲ್ಲ.

ನಿವೃತ್ತಿಗೆ ಇನ್ನು ಮೂರು ವರ್ಷ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಏಳನೆಯ ಅರ್ಜಿಯನ್ನು ಮೇಜಿನ ಮೇಲೆ ಸವರಿ ನೆಟ್ಟಗೆ ಮಾಡುತ್ತಾರೆ.

“ಆ ವರದೀಲಿ ತಪ್ಪು ಯಾರದ್ದು ಅನ್ನೋ ಕಡೆ ನನ್ನ ಹೆಸರು ಬರೀಲಿ. ರೋಡೆಲ್ ಕೆಲಸಕ್ಕೆ ವಾಪಸ್ ಬರದಿದ್ರೂ ಪರವಾಗಿಲ್ಲ. ಅವರ ಮಕ್ಕಳು ಅದನ್ನ ಓದ್ಲಿ.”