ಎರಡು ಕಾರ್ಡು, ಒಂದು ಸಿಗ್ನಲ್

ನಾನು ಗೂಡ್ಸ್ ರೈಲಿನ ಡ್ರೈವರ್ ಆಗಿದ್ದೆ. ನನ್ನ ಹೆಂಡತಿಯ ತಮ್ಮ ಅದೇ ದಾರಿಯಲ್ಲಿ ಗಾರ್ಡ್ ಆಗಿದ್ದ. ನಾನು ಮುಂದಿನ ಎಂಜಿನ್ನಿನಲ್ಲಿ, ಅವನು ಕೊನೆಯ ಬ್ರೇಕ್ ವ್ಯಾನಿನಲ್ಲಿ. ನಡುವೆ ಐವತ್ತಕ್ಕೂ ಹೆಚ್ಚು ವ್ಯಾಗನ್ನುಗಳಿದ್ದ ಕಾಲದಲ್ಲಿ ನಮ್ಮಿಬ್ಬರ ಸಂಬಂಧ ಚೆನ್ನಾಗಿಯೇ ಇತ್ತು.

ಅದು ಕೆಟ್ಟದ್ದು ಒಂದು ಬೆಳಿಗ್ಗೆ. ಬೀರೂರು ಬಿಟ್ಟು ಅಜ್ಜಂಪುರದ ಹತ್ತಿರ ಬಂದಿದ್ದೆವು. ಎಂಜಿನ್ನಿನ ಹಿಂಭಾಗದಲ್ಲಿ ಏನೋ ಶಬ್ದವಾಗುತ್ತಿದೆಯೆಂದು ನನ್ನ ಸಹಾಯಕ ನೋಡಲು ಹೋಗಿದ್ದ. ನಿಲ್ದಾಣದೊಳಗೆ ಹೋಗಲು ಅಪ್ಪಣೆ ಕೊಡುವ ಹೋಮ್ ಸಿಗ್ನಲ್ ಕೆಂಪಾಗಿತ್ತು. ಹಳಿ ಬಾಗುವ ಜಾಗವಾದ್ದರಿಂದ ಅದು ಹಿಂದಿನ ವ್ಯಾನಿಗೂ ಕಾಣುತ್ತದೆ. ನಾನು ಬ್ರೇಕಿಗೆ ಕೈ ಹಾಕುವುದಕ್ಕೂ ಗಾಡಿ ಹಿಂದಿನಿಂದ ಜಗ್ಗಿದ ಹಾಗಾಗಿ ನಿಲ್ಲುವುದಕ್ಕೂ ಸರಿಹೋಯಿತು. ವ್ಯಾನಿನಿಂದ ಬ್ರೇಕ್ ಎಳೆದವನು ನನ್ನ ಭಾವಮೈದುನ. ಡ್ರೈವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಸಾಲದ್ದಕ್ಕೆ ಅವನು ವರದಿಯನ್ನೂ ಬರೆದ. ಮಂಜಿತ್ತು ಎಂದು ನಾನು ಹೇಳಿದೆ. ಕಚೇರಿಯವರು ನನ್ನನ್ನು ಕಣ್ಣಿನ ಪರೀಕ್ಷೆಗೆ ಕಳಿಸಿದರು, ಪರೀಕ್ಷೆ ಮುಗಿದ ಮೇಲೆ ಎಂಜಿನ್ನಿನಿಂದ ಇಳಿಸಿದರು. ನೌಕರಿಯ ಕೊನೆಯ ಎರಡು ವರ್ಷ ಮೇಜಿನ ಮುಂದೆ ಕೂತು ರಿಜಿಸ್ಟರಿಗೆ ಮೊಹರು ಒತ್ತಿದೆ. ಕೊನೆಯ ಟ್ರಿಪ್ಪಿನ ದಿನ ಜೊತೆಯವರು ಹಾರ ಹಾಕಿ ಇಳಿಸಿಕೊಳ್ಳುವ ಪದ್ಧತಿ ನಮ್ಮಲ್ಲಿದೆ. ಅವನಿಗೆ ಹಾಕಿದರು. ನನಗೆ ಕೊನೆಯ ಟ್ರಿಪ್ಪೇ ಇರಲಿಲ್ಲ.

ಆ ಸಿಗ್ನಲ್ಲಿಗೆ ನಾನು ಸರಿಯಾದ ಹೊತ್ತಿಗೇ ಗಾಡಿ ನಿಲ್ಲಿಸುತ್ತಿದ್ದೆ ಎಂದು ಅವನ ಕಣ್ಣೆದುರಿಗೇ ತೋರಿಸಬೇಕೆಂಬ ಹಟ ಅವತ್ತಿನಿಂದಲೂ ನನ್ನಲ್ಲಿ ಉಳಿದಿತ್ತು. ದಾರಿ ಸಿಕ್ಕಿದ್ದು ಈಚೆಗೆ. ರೈಲು ಓಡಿಸುವ ಕಂಪ್ಯೂಟರ್ ಆಟವೊಂದಿದೆ. ಯಾರೋ ರೈಲಿನ ಹುಚ್ಚಿನವರು ಅದಕ್ಕೆ ನಮ್ಮ ಬೀರೂರು–ಅಜ್ಜಂಪುರದ ದಾರಿಯನ್ನೇ ಕಟ್ಟಿ ಇಂಟರ್ನೆಟ್ಟಿಗೆ ಹಾಕಿದ್ದರು. ತಿರುವು, ಏರು, ಸಿಗ್ನಲ್ ಕಂಬ ಎಲ್ಲ ಇದ್ದಲ್ಲಿಯೇ ಇದ್ದವು. ಯಾವ ಸಿಗ್ನಲ್ ಯಾವಾಗ ಕೆಂಪಾಗುತ್ತದೆಂದು ಆಟವೇ ನಿರ್ಧರಿಸುತ್ತದೆ, ಮೊದಲೇ ತಿಳಿಯುವುದಿಲ್ಲ. ನನಗೆ ಬೇಕಿದ್ದುದೂ ಅದೇ. ಆದರೆ ಮನೆಯಲ್ಲಿದ್ದ ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಆಟ ತೆರೆಯಲೂ ಇಲ್ಲ.

ತರೀಕೆರೆಯಲ್ಲಿ ಹಳೆಯ ಲ್ಯಾಪ್‌ಟಾಪುಗಳನ್ನು ಸರಿಮಾಡಿ ಮಾರುವ ಅಂಗಡಿಯೊಂದಿದೆ. ಕಡೂರಿನಿಂದ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಅಂಗಡಿಯ ಬಾಗಿಲಿಗೆ ಹೋದರೆ ಭಾವಮೈದುನ ಆಗಲೇ ಅಲ್ಲಿ ನಿಂತಿದ್ದ. ನನ್ನ ಹೆಂಡತಿ ಫೋನಿನಲ್ಲಿ ಹೇಳಿದ್ದಳಂತೆ. ಅಜ್ಜಂಪುರದಿಂದ ಬೈಕಿನಲ್ಲಿ ಬಂದಿದ್ದ.

"ಕರೀದೆ ಯಾಕಯ್ಯ ಬಂದೆ?" ಎಂದೆ.

"ನನ್ ಲ್ಯಾಪ್‌ಟಾಪೂ ಈ ಅಂಗ್ಡೀದೇ ಭಾವ. ನೀವು ಎಡವಟ್ಟು ಮಾಡ್ಕೊಂಡ್ರೆ ಆಮೇಲೆ ಅಕ್ಕನ ಹತ್ರ ಬೈಸ್ಕೊಳೋನು ನಾನು."

ಅಂಗಡಿಯವನು ಎರಡು ಲ್ಯಾಪ್‌ಟಾಪು ತಂದಿಟ್ಟ. ಎರಡೂ ಇಟ್ಟಿಗೆಯಷ್ಟು ದಪ್ಪ. ಆಟದ ಚಿತ್ರಗಳನ್ನು ಬರೆಯುವ ಗ್ರಾಫಿಕ್ಸ್ ಕಾರ್ಡ್ ಎರಡರಲ್ಲೂ ಎರಡೆರಡು. ಆದರೆ ಕಂಪನಿ ಬೇರೆ, ಜೋಡಿಸಿದ ರೀತಿಯೂ ಬೇರೆ.

"ಇದ್ರಲ್ಲಿ ಹಸಿರು ಗುರುತಿನ ಕಂಪ್ನಿ ಕಾರ್ಡು ಸಾರ್, ಒಂದೇ ಅಳ್ತೇವು ಎರಡು. ಅದ್ರಲ್ಲಿ ಕೆಂಪು ಕಂಪ್ನೀದು, ಒಂದು ಸಣ್ಣದು ಒಂದು ದೊಡ್ಡದು. ಸಣ್ಣ ಕೆಲ್ಸಕ್ಕೆ ಸಣ್ಣದೇ ಸಾಕು. ಆಟ ಶುರು ಮಾಡಿದ್ರೆ ದೊಡ್ಡದು ಕೆಲ್ಸ ಹಿಡ್ಕೊಂತದೆ. ರೇಟು ಎರಡಕ್ಕೂ ಒಂದೇ."

"ಕೆಂಪುದು ತಗೊಳಿ ಭಾವ," ಎಂದ ಭಾವಮೈದುನ. "ಆ ಹಸಿರು ಜೋಡಿ ಕಾರ್ಡು ಸುಮ್ನೆ ಬಿಸಿ ಆಗ್ತದೆ. ನೀವಾಡೋ ಆಟಕ್ಕೆ ಅದ್ರಿಂದ ಏನೂ ಉಪ್ಯೋಗ ಇಲ್ಲ."

ಅವನು ಕೆಂಪು ಎಂದಿದ್ದೇ ಸಾಕಾಯಿತು, ನಾನು ಹಸಿರಿನ ಕಡೆಗೆ ತಿರುಗಿದೆ. ಬರೀ ಹಟದಿಂದಲ್ಲ, ನನ್ನ ಲೆಕ್ಕಾಚಾರವೂ ಒಂದಿತ್ತು. ಭಾರದ ಗಾಡಿ ಏರು ಹತ್ತಬೇಕಾದರೆ ನಾವು ಎರಡು ಎಂಜಿನ್ ಕಟ್ಟುತ್ತಿದ್ದೆವು. ಒಂದೇ ಶಕ್ತಿಯ ಎರಡು ಸಿಕ್ಕಿದರೆ ಡ್ರೈವರ್ ಪುಣ್ಯವಂತ. ಒಂದು ಸಣ್ಣದು, ಒಂದು ದೊಡ್ಡದು ಕಟ್ಟಿಕೊಂಡು ಯಾರು ಹೊರಡುತ್ತಾರೆ?

"ಎರಡು ಎಂಜಿನ್ ಸಮ ಇದ್ರೆ ಎಳೆತ ಚೆನ್ನಾಗಿರ್ತದೆ ಕಣಯ್ಯ. ಅದು ಎಂಜಿನ್ನಲ್ಲಿ ಕೂತೋನಿಗೆ ಗೊತ್ತು. ಹಿಂದಿನ ವ್ಯಾನಲ್ಲಿ ಕಾಫಿ ಕುಡ್ಕೊಂಡು ಬರೋರಿಗೆ ಏನ್ ಗೊತ್ತಾಗ್ತದೆ?"

"ಹಿಂದೆ ಕೂತಿದ್ರೂ ಸಿಗ್ನಲ್ ಕಾಣ್ತಿತ್ತಲ್ಲ ಭಾವ," ಎಂದ ಅವನು.

ಅಂಗಡಿಯವನಿಗೆ ಏನು ತಿಳಿಯಿತೋ, ಬಿಲ್ ಪುಸ್ತಕದೊಳಗೆ ಮುಖ ಹಾಕಿದ. ನಾನು ಹಸಿರು ಜೋಡಿಯದನ್ನೇ ಕಟ್ಟಿಸಿಕೊಂಡು ಬಂದೆ.

ನನ್ನ ದಿನಚರಿ ಗಡಿಯಾರಕ್ಕೆ ಕಟ್ಟಿದ್ದು. ಐದಕ್ಕೆ ಏಳುತ್ತೇನೆ, ಆರಕ್ಕೆ ನಡಿಗೆ, ಎಂಟಕ್ಕೆ ತಿಂಡಿ. ಹತ್ತರಿಂದ ಹನ್ನೊಂದರವರೆಗೆ ಆಟವೆಂದು ಗೊತ್ತುಮಾಡಿದೆ. ಮೊದಲ ದಿನವೇ ಲ್ಯಾಪ್‌ಟಾಪಿನ ಫ್ಯಾನು ಹೊಯ್ಕೊಳ್ಳತೊಡಗಿತು. ಹೆಂಡತಿ ಅಡುಗೆಮನೆಯಿಂದ, "ಏನ್ರೀ ಅದು, ರಾಗಿ ಮಿಷನ್ ತಂದ್ರಾ?" ಎಂದಳು. ಮೇಜು ಬಿಸಿಯಾಯಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಚಿತ್ರದ ಓಟ. ತಿರುವುಗಳಲ್ಲಿ ಹಳಿ ಚೂರುಚೂರಾಗಿ ಜಿಗಿಯುತ್ತಿತ್ತು. ಸಿಗ್ನಲ್ ಕಂಬ ಒಂದು ಸಲ ದೂರದಲ್ಲಿರುತ್ತಿತ್ತು, ರೆಪ್ಪೆ ಹೊಡೆಯುವಷ್ಟರಲ್ಲಿ ಮೂಗಿನ ಮುಂದೆ ಬಂದಿರುತ್ತಿತ್ತು.

ಅಂಗಡಿಯವನಿಗೆ ಫೋನ್ ಮಾಡಿ ದಬಾಯಿಸಿದೆ. ಅವನು ಸಮಾಧಾನವಾಗಿ ವಿವರಿಸಿದ. ಎರಡು ಕಾರ್ಡುಗಳು ಒಟ್ಟಿಗೆ ಎಳೆಯುವುದಿಲ್ಲವಂತೆ. ಒಂದು ಚಿತ್ರವನ್ನು ಇದು ಬರೆದರೆ ಮುಂದಿನದನ್ನು ಅದು ಬರೆಯುತ್ತದೆ. ಎರಡರ ಹೆಜ್ಜೆ ಕೂಡಿಬರಬೇಕಾದರೆ ಆಟವನ್ನೇ ಹಾಗೆ ಕಟ್ಟಿರಬೇಕು. ನನ್ನ ರೈಲಿನ ಆಟವನ್ನು ಹಾಗೆ ಕಟ್ಟಿಲ್ಲ. "ಒಂದು ಕಾರ್ಡ್ ಆಫ್ ಮಾಡ್ಬಿಡಿ ಸಾರ್, ಸೆಟ್ಟಿಂಗಲ್ಲಿ ಅದೆ. ನೀಟಾಗಿ ಓಡ್ತದೆ," ಎಂದ.

ನನ್ನ ತಪ್ಪು ಅರ್ಥವಾಯಿತು. ಇದು ಜೋಡಿ ಎಂಜಿನ್ನಲ್ಲ. ಒಂದೇ ಎಂಜಿನ್ನಿನ ಹಿಡಿಯನ್ನು ಇಬ್ಬರು ಡ್ರೈವರುಗಳು ಸರದಿಯಲ್ಲಿ ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡಿದ ಹಾಗೆ. ಭಾವಮೈದುನ ಹೇಳಿದ್ದು ಸರಿಯಾಗಿತ್ತು. ಅದನ್ನು ನಾನು ಯಾರಿಗೂ ಹೇಳಲಿಲ್ಲ, ಎರಡನೆಯ ಕಾರ್ಡನ್ನು ಆಫ್ ಮಾಡಲೂ ಇಲ್ಲ. ಹತ್ತು ದಿನದಲ್ಲಿ ಮೂರು ಸಲ ಅಜ್ಜಂಪುರದ ಹೋಮ್ ಸಿಗ್ನಲ್ ನನಗೆ ಕೆಂಪು ತೋರಿಸಿತು. ಮೂರು ಸಲವೂ ದಾಟಿ ನಿಂತೆ. ಪ್ರತಿ ಸಲವೂ ಚಿತ್ರ ಜಿಗಿಯಿತು ಎಂದುಕೊಂಡು ಎದ್ದೆ. ಜಿಗಿದದ್ದು ಸುಳ್ಳೂ ಅಲ್ಲ.

ಒಂದು ಭಾನುವಾರ ಭಾವಮೈದುನ ಅಕ್ಕನಿಗೆಂದು ಅವರೆಕಾಯಿ ತಂದ. ಹತ್ತು ಗಂಟೆಯಾಗಿತ್ತು. ಅವನಿಗೋಸ್ಕರ ನಾನು ಆಟದ ಹೊತ್ತನ್ನು ಬದಲಿಸುವವನಲ್ಲ. ಅವನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅಜ್ಜಂಪುರ ಬಂತು, ಕೆಂಪು ಬಂತು, ಮತ್ತೆ ದಾಟಿದೆ.

"ಕಾರ್ಡು ಸರಿ ಇಲ್ಲ," ಎಂದೆ. "ಚಿತ್ರ ಎಗರ್ತದೆ. ದೇವ್ರು ಬಂದ್ರೂ ಇದ್ರಲ್ಲಿ ನಿಲ್ಸಕ್ಕಾಗಲ್ಲ."

"ಒಂದು ಆಫ್ ಮಾಡಿ ಮತ್ತೆ."

"ಇರೋದನ್ನ ಯಾಕೆ ಆಫ್ ಮಾಡ್ಲಿ?"

"ಅವತ್ತು ಮಂಜಿತ್ತು ಅಂದ್ರಿ. ಇವತ್ತು ಕಾರ್ಡು ಅಂತೀರ. ಆಫ್ ಮಾಡಿ ಒಂದ್ಸಲ ಓಡ್ಸಿ ಭಾವ. ನಾನೂ ನೋಡ್ತೀನಿ."

ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಲ್ಲಿಸಿ, "ಏ, ಸಾಕು ಸುಮ್ನಿರೋ," ಎಂದು ತಮ್ಮನನ್ನು ಗದರಿದಳು. ಅವಳು ಅವನನ್ನು ಗದರಿದ್ದು ನನ್ನನ್ನು ಉಳಿಸುವುದಕ್ಕೆ ಎಂದು ನನಗೆ ಗೊತ್ತಾಯಿತು. ಅದನ್ನು ಸಹಿಸಲಾಗಲಿಲ್ಲ. ಸೆಟ್ಟಿಂಗ್ ತೆರೆದು ಎರಡನೆಯ ಕಾರ್ಡನ್ನು ಆಫ್ ಮಾಡಿದೆ.

ಫ್ಯಾನಿನ ಸದ್ದು ಇಳಿಯಿತು. ಗಾಡಿ ಬೀರೂರಿನಿಂದ ಎಣ್ಣೆ ಸುರಿದ ಹಾಗೆ ಹೊರಟಿತು. ಎಂಜಿನ್ನಿನಲ್ಲಿ ಪ್ರತಿ ಸಿಗ್ನಲ್ಲಿಗೂ ಕೈ ಚಾಚಿ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗುವುದು ನಮ್ಮ ನಿಯಮ. ಮನೆಯಲ್ಲೂ ನಾನು ಅದನ್ನು ಬಿಟ್ಟಿಲ್ಲ. ಹಸಿರು ಎಂದು ಕೂಗಿದೆ, ಮತ್ತೆ ಹಸಿರು. ಮೊದಲೆರಡು ಸುತ್ತಿನಲ್ಲಿ ಅಜ್ಜಂಪುರದಲ್ಲೂ ಹಸಿರೇ ಸಿಕ್ಕಿತು. ಅವನು ಏಳಲಿಲ್ಲ. ಮೂರನೆಯ ಸುತ್ತಿನಲ್ಲಿ, ಹೋಮ್ ಸಿಗ್ನಲ್ಲಿಗಿಂತ ಮೊದಲೇ ಎಚ್ಚರಿಸುವ ಡಿಸ್ಟಂಟ್ ಸಿಗ್ನಲ್ ಹಳದಿ ತೋರಿಸಿತು. ಕೂಗಿದೆ, ವೇಗ ತಗ್ಗಿಸಿದೆ. ತಿರುವು ಬಂತು. ಹೋಮ್ ಸಿಗ್ನಲ್ ಕಣ್ಣಿಗೆ ಬಿತ್ತು, ನಿಚ್ಚಳವಾಗಿ, ಒಂದಿಷ್ಟೂ ಜಿಗಿಯದೆ. ಕೆಂಪು ಎಂದು ಕೂಗಿದೆ.

ಕೂಗಿದೆ, ಆದರೆ ಕೈ ಬ್ರೇಕಿನ ಕೀಲಿಗೆ ಹೋಗಲಿಲ್ಲ. ಎಷ್ಟು ಹೊತ್ತು ಹೋಗಲಿಲ್ಲವೆಂದು ಹೇಳಲಾರೆ. ಕೊನೆಗೆ ಹೋಗಿ ಗಾಡಿ ನಿಂತಾಗ ಅದು ಕಂಬ ದಾಟಿ ಎರಡು ವ್ಯಾಗನ್ನಿನಷ್ಟು ಮುಂದಿತ್ತು. ಸಿಗ್ನಲ್ ಉಲ್ಲಂಘನೆಯಾಗಿದೆ ಎಂದು ಪರದೆಯ ಮೇಲೆ ಬಂತು.

ಇಷ್ಟು ವರ್ಷ ನಾನು ನನ್ನ ಕಣ್ಣಿನ ಪರವಾಗಿ ಜಗಳವಾಡಿದ್ದೆ. ಅವನ ವರದಿಯ ನಕಲು ನನ್ನ ಕಡತದಲ್ಲಿದೆ. ಅದರಲ್ಲಿ ಕಣ್ಣಿನ ಮಾತೇ ಇಲ್ಲ. ಡ್ರೈವರ್ ಬ್ರೇಕ್ ಹಾಕುವುದು ತಡವಾಯಿತು ಎಂದಷ್ಟೇ ಬರೆದಿದ್ದ. ತಪ್ಪನ್ನು ಕಣ್ಣಿನ ಮೇಲೆ ಹೊರಿಸಿದವರು ಡಾಕ್ಟರು. ಅದನ್ನೇ ಹಿಡಿದುಕೊಂಡು ಕೂತವನು ನಾನು.

ಭಾವಮೈದುನ ಪರದೆಯನ್ನೇ ನೋಡುತ್ತಿದ್ದ. ಅವನು ಒಂದು ಮಾತು ಚುಚ್ಚಿದ್ದರೆ ನಾನು ಹತ್ತು ಆಡುತ್ತಿದ್ದೆ. ಆ ಅವಕಾಶವನ್ನು ಅವನು ಕೊಡಲಿಲ್ಲ. ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿ, "ಬತ್ತೀನಿ ಅಕ್ಕ," ಎಂದ.

"ಊಟ ಮಾಡ್ಕೊಂಡ್ ಹೋಗೋ."

"ಇಲ್ಲ ಕಣಕ್ಕ, ಇನ್ನೊಂದ್ ದಿನ."

ಅವನು ಚಪ್ಪಲಿ ಹಾಕಿಕೊಳ್ಳುವವರೆಗೂ ನನಗೆ ಹೊತ್ತಿತ್ತು. ನೀನು ಬರೆದದ್ದು ಸರಿ ಎಂಬ ಒಂದು ವಾಕ್ಯ ಸಾಕಿತ್ತು. ನಾನು ಲ್ಯಾಪ್‌ಟಾಪಿನ ಕಡೆಗೇ ಮುಖ ಮಾಡಿ ಕೂತಿದ್ದೆ. ಬೈಕಿನ ಸದ್ದು ರಸ್ತೆಯ ತಿರುವಿನಲ್ಲಿ ಅಡಗಿತು.

ಮಧ್ಯಾಹ್ನ ಊಟವಾದ ಮೇಲೆ ಎರಡನೆಯ ಕಾರ್ಡನ್ನು ಮತ್ತೆ ಆನ್ ಮಾಡಿದೆ. ಫ್ಯಾನು ಹೊಯ್ಕೊಂಡಿತು.

"ಅದಿಲ್ದೆ ಚೆನ್ನಾಗೇ ಓಡ್ತಿತ್ತಲ್ಲ, ಮತ್ಯಾಕೆ ಹಾಕಿದ್ರಿ?" ಎಂದು ಹೆಂಡತಿ ಕೇಳಿದಳು.

"ಇರ್ಲಿ ಬಿಡು," ಎಂದೆ.

ಅವಳು ಅವರೆಕಾಯಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ಅವನಿಗೆ ನಾನು ಇನ್ನೂ ಫೋನ್ ಮಾಡಿಲ್ಲ.