ಅತ್ತೆಯ ದನಿ, ಗಂಡನ ಗಿಟಾರು

ನನ್ನ ಗಂಡ ಡೊಯಲ್ ಸ್ಲೋನ್ ಯಾರೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ಹಾಡುಗಾರ ವೆಸ್ ಟ್ಯಾಕೆಟ್ ಯಾರೆಂದು ಗೊತ್ತಿರುತ್ತದೆ. ವೆಸ್‌ನ ಹಳೆಯ ರೆಕಾರ್ಡುಗಳ ಮೇಲಿನ ಫೋಟೋದಲ್ಲಿ ಅವನ ಬೆನ್ನ ಹಿಂದೆ, ಮೇಜಿನಂಥ ಒಂದು ವಾದ್ಯದ ಮುಂದೆ ತಲೆ ತಗ್ಗಿಸಿ ಕೂತವನೊಬ್ಬ ಕಾಣುತ್ತಾನೆ, ಅರ್ಧ ಮುಖ ಮಾತ್ರ. ಅವನೇ ನನ್ನವನು. ವಾದ್ಯದ ಹೆಸರು ಸ್ಟೀಲ್ ಗಿಟಾರು. ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿದರೆ ಮನುಷ್ಯರು ಅತ್ತ ಹಾಗೆ ಕೇಳುತ್ತದೆ. ಹಾಡುವವನ ಅಳು ಸುಳ್ಳಾದರೂ ಇದರ ಅಳು ಸುಳ್ಳಲ್ಲ ಎಂದು ಡೊಯಲ್ ಹೇಳುತ್ತಿದ್ದ. ಸೌದೆ ಒಡೆಯಲು ಹೇಳಿದರೆ ಬೆನ್ನು ನೋವು, ಗಿಟಾರಿನ ಮುಂದೆ ಕೂತರೆ ಊಟದ ಪರಿವೆಯೂ ಇಲ್ಲ, ಅಂಥ ಗಂಡ.

ಅವರಿಬ್ಬರೂ ಕೆಂಟಕಿಯ ಈ ಸೋರ್‌ವುಡ್ ಕಣಿವೆಯಲ್ಲೇ ಹುಟ್ಟಿದವರು. ನಮ್ಮ ಚರ್ಚಿನಲ್ಲಿ ವಾದ್ಯವಿಲ್ಲ. ಹಿರಿಯರೊಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರೆಲ್ಲ ಅದನ್ನು ನಿಧಾನವಾಗಿ ಎಳೆದೆಳೆದು ಹಾಡುತ್ತಾರೆ. ಆ ಎಲ್ಲ ದನಿಗಳ ಮೇಲೆ ಒಂದು ದನಿ ಏರಿ ನಿಲ್ಲುತ್ತಿತ್ತು. ಅದು ಡೊಯಲ್‌ನ ತಾಯಿ, ನನ್ನ ಅತ್ತೆ ಓರ್ಫಾಳದು. ವೆಸ್‌ನ ತಾಯಿಯನ್ನು ಮಣ್ಣು ಮಾಡಿದ ದಿನ ಗುಂಡಿಯ ಪಕ್ಕ ನಿಂತು ಗಂಟಲು ಒಡೆಯುವ ತನಕ ಹಾಡಿದವಳು ಅವಳೇ.

ಅಂಥವಳನ್ನು ವೆಸ್ ಒಂದು ಸಂಜೆ ದೊಡ್ಡ ಪಟ್ಟಣದ ಸಭಾಂಗಣದಲ್ಲಿ, ದೇಶವೆಲ್ಲ ರೇಡಿಯೋದಲ್ಲಿ ಕೇಳುತ್ತಿರುವಾಗ ನಗೆಪಾಟಲು ಮಾಡಿದ. ಕುಡಿದಿದ್ದ. ಹಾಡಿನ ನಡುವೆ ನಿಲ್ಲಿಸಿ, “ನಮ್ಮೂರಲ್ಲಿ ಹೆಣ ಹೂಳುವಾಗ ಹೆಂಗೆ ಹಾಡ್ತಾರೆ ಗೊತ್ತೇನ್ರೋ? ಕೆಸರಲ್ಲಿ ಹೂತ್ಕೊಂಡ ಹಸು ಕೂಗಿದ ಹಂಗೆ! ನಮ್ಮ ಓರ್ಫಾ ದೊಡ್ಡಮ್ಮ ಅಂತೂ...” ಎಂದು ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡು ಅಣಕಿಸಿದ. ಜನ ಅಷ್ಟಾಗಿ ನಗಲಿಲ್ಲ. ಆಗ ಹಿಂದಿನಿಂದ ಸ್ಟೀಲ್ ಗಿಟಾರು ಕೂಗಿತು. ಥೇಟ್ ಓರ್ಫಾಳದೇ ದನಿ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಹಾಗೆ ಕೂಗಿಸಿದವನು ಅವಳ ಸ್ವಂತ ಮಗ.

ಮಾರನೆಯ ದಿನ ಯಾರೂ ನಗಲಿಲ್ಲ. ವೆಸ್‌ನ ಹಾಡು ಕೇಳುವವರು ಯಾರು? ಅಂಥದೇ ಹಾಡು ಹೇಳಿ ಅಮ್ಮಂದಿರನ್ನು ಮಣ್ಣು ಮಾಡಿದವರು. ರೇಡಿಯೋದವರು ಒಬ್ಬೊಬ್ಬರಾಗಿ ಅವನ ಹಾಡು ಹಾಕುವುದನ್ನು ಬಿಟ್ಟರು. ತಂಡದ ದೊಡ್ಡ ಬಸ್ಸು ಹೋಯಿತು, ಡ್ರಮ್ಮಿನವನು ಹೋದ, ಪಿಟೀಲಿನವನು ಹೋದ. ಕೊನೆಗೆ ಉಳಿದದ್ದು ಒಂದು ಹಳೆಯ ವ್ಯಾನು, ವೆಸ್, ಮತ್ತು ಅದನ್ನು ಓಡಿಸುವ ಡೊಯಲ್. ಕಾರು ಅಂಗಡಿಯ ಉದ್ಘಾಟನೆ, ಮೀನು ಕರಿದು ಮಾರುವ ಹೋಟೆಲು, ದನದ ಜಾತ್ರೆ, ಎಲ್ಲಿ ಕರೆದರೆ ಅಲ್ಲಿಗೆ. ಎಲ್ಲಿಗೆ ಹೋದರೂ ಹಿಂದಿನ ಸಾಲಿನಿಂದ ಯಾವನಾದರೂ ಒಬ್ಬ ಹಸುವಿನ ಹಾಗೆ “ಅಂಬಾ” ಎನ್ನುತ್ತಿದ್ದ. ಟಿಕೆಟ್ಟು ಕೊಂಡು ಬಂದು ಅಂಬಾ ಎನ್ನುವವರಿಗೆ ಏನು ಹೇಳುವುದು? ವೆಸ್ ಕೇಳದವನಂತೆ ಹಾಡುತ್ತಿದ್ದ. ಡೊಯಲ್ ತಲೆ ಇನ್ನಷ್ಟು ತಗ್ಗಿಸುತ್ತಿದ್ದ.

“ಬಿಟ್ಟು ಬಾರೋ ಮಾರಾಯ” ಎಂದು ನಾನು ಎಷ್ಟು ಸಲ ಬೈದಿದ್ದೇನೋ.

“ನಾನು ಬಿಟ್ಟು ಬಂದ್ರೆ ತಪ್ಪೆಲ್ಲ ಅವನೊಬ್ಬನದೇ ಆಗ್ತದೆ ಲೂಡೆಲ್. ಜನ ನಗ್ಲಿಲ್ಲ, ನಾನು ನಗಿಸ್ದೆ” ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಮನೆಗೆ ಬಂದರೆ ಇನ್ನೊಂದು ಪಾಡು. ಅತ್ತೆ ನಮ್ಮ ಜೊತೆಗೇ ಇದ್ದಳು. ಅಂದಿನಿಂದ ಮಗನ ಜೊತೆ ಮಾತು ಬಿಟ್ಟಿದ್ದಳು. ಒಂದೇ ಮೇಜು, ಒಂದೇ ಪಾತ್ರೆಯ ಊಟ, ಮಾತು ಮಾತ್ರ ನನ್ನ ಮೂಲಕ. “ಲೂಡೆಲ್, ನಿನ್ನ ಗಂಡಂಗೆ ಹೇಳು, ಶೂ ಒರೆಸ್ಕೊಂಡು ಒಳಗೆ ಬರ್ಲಿ.” ಗಂಡ ಎದುರಿಗೇ ನಿಂತಿರುತ್ತಿದ್ದ. “ಅಮ್ಮಂಗೆ ಹೇಳು, ಒರೆಸಿದೀನಿ ಅಂತ.” ನಾನು ಈ ಮನೆಯ ಸೊಸೆಯೋ ಪೋಸ್ಟ್‌ಮನ್ನೋ ಎಂದು ಕೂಗಾಡಿದ್ದೂ ಉಂಟು. ಇಬ್ಬರೂ ಕದಲಲಿಲ್ಲ. ತಾಯಿ ತನ್ನ ಹೆಸರು ಹಿಡಿದು ಒಂದು ಸಲ ಕರೆದರೆ ಸಾಕು ಎಂದು ಅವನು ಕಾಯುತ್ತಿದ್ದ. ಅದನ್ನು ನೋಡಿ ನೋಡಿ ನನಗೇ ಸುಸ್ತಾಗಿತ್ತು.

ಹೋದ ಬೇಸಿಗೆ ವೆಸ್‌ಗೆ ಯಾರೋ ಬುದ್ಧಿ ಹೇಳಿದರು: ಊರಿಗೆ ಹೋಗು, ಮುದುಕಿಯ ಕೈ ಹಿಡಿದು ಕ್ಷಮೆ ಕೇಳು, ಅದನ್ನು ಕ್ಯಾಮೆರಾದಲ್ಲಿ ತೆಗೆಸು, ರೇಡಿಯೋದವರು ತಿರುಗಿ ನೋಡುತ್ತಾರೆ ಎಂದು. ನಮ್ಮ ಚರ್ಚಿನವರು ಸತ್ತವರನ್ನು ನೆನೆಯುವ ಭಾನುವಾರ ವೆಸ್ ಬಂದೇಬಿಟ್ಟ. ಒಂದು ಕೈಯಲ್ಲಿ ಗಿಟಾರು, ಹಿಂದೆ ಕ್ಯಾಮೆರಾ ಹೊತ್ತ ಹುಡುಗ. ಚರ್ಚಿನ ಹಿರಿಯ ಎಸ್ಟಿಲ್ ಬಾಗಿಲಿಗೆ ಅಡ್ಡ ನಿಂತ.

“ಒಳಗೆ ಬಾ ವೆಸ್. ಗಿಟಾರು ಬರಂಗಿಲ್ಲ, ನಿಂಗೊತ್ತಲ್ಲ. ಆ ಡಬ್ಬಾನೂ ಆಚೇನೇ ಇರ್ಲಿ.”

“ಕ್ಷಮೆ ಕೇಳೋ ಹಾಡು ಬರ್ಕೊಂಡು ಬಂದಿದೀನಿ ಎಸ್ಟಿಲಣ್ಣ.”

“ಕೇಳೋದಿದ್ರೆ ಬಾಯಲ್ಲಿ ಕೇಳು. ರಾಗ ಯಾಕೆ?”

ನಮ್ಮಲ್ಲಿ ಕೊನೆಯ ಹಾಡು ಹಾಡುವಾಗ ಎಲ್ಲರೂ ಎದ್ದು ಸುತ್ತ ತಿರುಗುತ್ತ ಒಬ್ಬರಿಗೊಬ್ಬರು ಕೈ ಕೊಡುತ್ತೇವೆ. ಚಾಚಿದ ಕೈಯನ್ನು ಆ ಹೊತ್ತಿನಲ್ಲಿ ಯಾರೂ ಒಲ್ಲೆ ಎನ್ನುವಂತಿಲ್ಲ, ವೈರಿಯದಾದರೂ. ವೆಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ನೇರವಾಗಿ ಓರ್ಫಾಳ ಮುಂದೆ ಹೋಗಿ ಕೈ ಚಾಚಿದ. ಅತ್ತೆ ಹಾಡುತ್ತಲೇ ಅವನ ಕೈ ಹಿಡಿದಳು, ಬಿಟ್ಟಳು, ಮುಂದಿನವರ ಕಡೆ ಹೋದಳು.

ಡೊಯಲ್‌ಗೂ ಗೊತ್ತಿತ್ತು. ಅದಕ್ಕೇ ಅವನು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ಬಾಗಿಲಿನ ಹೊರಗೆ ನಿಂತಿದ್ದ. ಕೈ ಚಾಚಿದರೆ ಅವಳು ಹಿಡಿಯಲೇಬೇಕು, ಹಾಗೆ ಹಿಡಿಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ಅತ್ತೆ ಕೊನೆಯ ಬೆಂಚಿನವರೆಗೂ ಬಂದು, ಅವನನ್ನೂ ಅವನ ಜೇಬುಗಳನ್ನೂ ನೋಡಿ, ಹಿಂದಿರುಗಿದಳು.

ಆಮೇಲೆ ಸ್ಮಶಾನದ ಪಕ್ಕದ ಮರಗಳ ಕೆಳಗೆ ಊಟ. ಕೋಳಿ, ಹುರುಳಿಕಾಯಿ, ಮೆಕ್ಕೆಜೋಳದ ಬ್ರೆಡ್ಡು ಬಡಿಸುತ್ತಿದ್ದೆ. ವೆಸ್ ಬಂದು ಅತ್ತೆಯ ಮುಂದೆ ಬಾಗಿದ.

“ಓರ್ಫಾ ದೊಡ್ಡಮ್ಮ, ಒಳಗೆ ಕೈ ಕೊಟ್ರಲ್ಲ, ಅದನ್ನೇ ಇಲ್ಲೊಂದ್ಸಲ ಕೊಡ್ತೀರಾ? ಕ್ಯಾಮೆರಾ ಒಳಗೆ ಬಿಡ್ಲಿಲ್ಲ ನೋಡಿ.”

“ನಾಚಿಕೆ ಆಗಲ್ವೇನೋ ನಿಂಗೆ!” ಎಂದು ನಾನು ಸೌಟು ಎತ್ತಿದೆ.

“ಬಿಡು ಲೂಡೆಲ್. ಪಾಪ, ಅವನ ಹೊಟ್ಟೆಪಾಡು” ಎಂದು ಅತ್ತೆ ತಟ್ಟೆ ಪಕ್ಕಕ್ಕಿಟ್ಟು ಕೈ ಕೊಟ್ಟಳು. ಮುಖದ ಮೇಲೆ ನೆರಳು ಬಿತ್ತೆಂದು ಹುಡುಗ ಮತ್ತೊಮ್ಮೆ ಕೊಡಿಸಿದ. ಮತ್ತೆ ಕೊಟ್ಟಳು.

“ಇನ್ನೊಂದೇ ಸಲ ದೊಡ್ಡಮ್ಮ. ಈ ಸಲ ಸ್ವಲ್ಪ ಕಣ್ಣಲ್ಲಿ ನೀರು ಬಂದ್ರೆ...” ಎಂದ ವೆಸ್. ಅವನ ಕಣ್ಣಲ್ಲಿ ಆಗಲೇ ನೀರಿತ್ತು.

ಡೊಯಲ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ವ್ಯಾನಿನ ಹತ್ತಿರ ಹೋದ. ಸ್ಟೀಲ್ ಗಿಟಾರಿನ ಪೆಟ್ಟಿಗೆ ಇಳಿಸಿದ, ಸ್ಪೀಕರ್ ಇಳಿಸಿದ. “ಕೀ ವ್ಯಾನಲ್ಲೇ ಇದೆ ವೆಸ್. ನೀನೇ ಓಡಿಸ್ಕೊಂಡು ಹೋಗು.”

“ಏನೋ ಇದು? ಶುಕ್ರವಾರದ ಪ್ರೋಗ್ರಾಮಿಗೆ ಯಾರೋ ಬಾರಿಸೋರು?”

“ನೀನೇ ಚೆನ್ನಾಗಿ ಅಳ್ತೀಯಲ್ಲ. ಇನ್ನು ಇದು ಯಾಕೆ?”

ಹುಡುಗ ತೆಗೆದ ಆ ಚಿತ್ರ ಓಡಿತು ಎಂದು ಆಮೇಲೆ ಕೇಳಿದೆವು. ಒಂದೆರಡು ಕಡೆ ವೆಸ್‌ನ ಹಾಡು ಮತ್ತೆ ಹಾಕುತ್ತಿದ್ದಾರಂತೆ. ಹಾಕಲಿ. ನನ್ನ ಕತೆ ಅವನದಲ್ಲ.

ಆ ಮಧ್ಯಾಹ್ನ ನಮ್ಮ ಮನೆಯ ಮುಂದಿನ ಜಗಲಿಯಲ್ಲಿ ಡೊಯಲ್ ಪೆಟ್ಟಿಗೆಯ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದ. ಇನ್ನು ಮುಂದೇನು ಎಂದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅತ್ತೆ ಕುರ್ಚಿಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

“ಲೂಡೆಲ್, ನಿನ್ನ ಗಂಡಂಗೆ ಹೇಳು, ಅವತ್ತು ಬಾರಿಸಿದ್ದನ್ನ ಬಾರಿಸ್ಲಿ. ಊರೆಲ್ಲ ಕೇಳಿದೆ, ನಾನೊಬ್ಬಳೇ ಕೇಳಿಲ್ಲ.”

“ಬೇಡ ಅಂತ ಹೇಳು” ಎಂದ ಡೊಯಲ್.

“ಬಾರಿಸು ಅಂತ ಹೇಳು.”

ನಾನೇ ಫ್ರಿಜ್ಜಿನ ವೈರು ಕಿತ್ತು, ಗಿಟಾರಿನ ಸ್ಪೀಕರ್ ವೈರನ್ನು ಕಿಟಕಿಯಿಂದ ಎಳೆದು ಅಲ್ಲಿ ಸಿಕ್ಕಿಸಿದೆ. ಅವನು ಬಹಳ ಹೊತ್ತು ತಂತಿ ಬಿಗಿಮಾಡುತ್ತ ಕೂತ. ಆಮೇಲೆ ಬಾರಿಸಿದ. ದನಿ ಮೆಲ್ಲಗೆ ಎದ್ದು, ಏರಿ, ಮೇಲೆ ನಡುಗಿ, ಕೊನೆಯಲ್ಲಿ ಮುರಿಯಿತು. ಕಾಯಿ ಬಿಡಿಸುತ್ತಿದ್ದ ಕೈ ನಿಂತಿತು.

“ಹೌದು, ಇದು ನಾನೇ” ಎಂದಳು ಅತ್ತೆ. “ಉಸಿರು ಸಾಲದೆ ಕೊನೇಲಿ ಮುರೀತದಲ್ಲ, ಅದನ್ನೂ ಬಿಟ್ಟಿಲ್ಲ. ಯಾವಾಗ ಕಲಿತ್ಯೋ?”

“ನಿನ್ನ ಮಡಿಲಲ್ಲಿ ಮಲಗಿದ್ದಾಗ್ಲೇ ಅಮ್ಮ.”

ಅವಳು ಆ ದನಿ ಇನ್ನೂ ಅಲ್ಲೇ ಇದೆಯೇನೋ ಎಂಬಂತೆ ಗಿಟಾರನ್ನೇ ನೋಡಿದಳು. “ಇದ್ರಲ್ಲಿ ನಗೋದು ಏನಿತ್ತೋ ಮಗಾ?”

ಡೊಯಲ್ ತಂತಿಗಳ ಮೇಲೇ ಮುಖ ಇಟ್ಟು ಅತ್ತ. ನನಗೂ ತಡೆಯಲಾಗಲಿಲ್ಲ. ಅತ್ತೆ ಉಳಿದ ಕಾಯಿಯನ್ನೆಲ್ಲ ಬಿಡಿಸಿ ಮುಗಿಸಿದಳು, ಪಾತ್ರೆ ಎತ್ತಿಕೊಂಡು ಎದ್ದಳು, ಬಾಗಿಲ ಹತ್ತಿರ ನಿಂತಳು.

“ಲೂಡೆಲ್, ನಿನ್ನ ಗಂಡಂಗೆ...” ಎಂದು ಶುರು ಮಾಡಿ ನಿಲ್ಲಿಸಿದಳು. “ಡೊಯಲ್, ಶೂ ಒರೆಸ್ಕೊಂಡು ಒಳಗೆ ಬಾ.”